ಹಳೆಯ ದಸ್ತಾವೇಜುಗಳ ಭಾಷೆ: ವರ್ಗ, ಕುಮ್ಕಿ, ಮೂಲಗೇಣಿ, ಕವರು

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳಲ್ಲಿ ಗೋದಾಮಿಗೋ, ಗೇರುಬೀಜದ ಕಾರ್ಖಾನೆಗೋ, ಅಕ್ಕಿ ಗಿರಣಿಗೋ ಜಾಗ ಕೊಳ್ಳಲು ಹೊರಟ ಉದ್ಯಮಿಯ ಕೈಗೆ ಬರುವ ಕಡತದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಾಗದಗಳಿರುತ್ತವೆ. ಮೇಲೆ ಕಂಪ್ಯೂಟರಿನಿಂದ ತೆಗೆದ ಪಹಣಿ, ಋಣಭಾರ ಪತ್ರ, ನಕ್ಷೆ. ಅಡಿಯಲ್ಲಿ ಹಳೆಯ ಛಾಪಾ ಕಾಗದದ ಮೇಲೆ ಮಸುಕಾದ ಕೈಬರಹದ ಮೂಲಪತ್ರಗಳು. ಮೊದಲನೆಯ ಕಟ್ಟನ್ನು ಎಲ್ಲರೂ ಓದುತ್ತಾರೆ. ಎರಡನೆಯದನ್ನು ‘ವಕೀಲರು ನೋಡುತ್ತಾರೆ’ ಎಂದು ಬದಿಗಿಡುವುದೇ ಹೆಚ್ಚು. ಜಾಗದ ಮೇಲೆ ಮಾರುವವನಿಗೆ ನಿಜವಾಗಿ ಯಾವ ಹಕ್ಕಿದೆ ಎಂಬುದು ಬಹುಮಟ್ಟಿಗೆ ಆ ಎರಡನೆಯ ಕಟ್ಟಿನ ಒಂದೆರಡು ಪದಗಳಲ್ಲಿ ಅಡಗಿರುತ್ತದೆ.

ಈ ಮಾತಿಗೆ ಈಗ ಹೆಚ್ಚಿನ ಮಹತ್ವ ಬಂದಿದೆ. ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾದವು. ಅಲ್ಲಿಯವರೆಗೆ ಕೃಷಿ ಜಮೀನಿನ ಪತ್ರಗಳನ್ನು ಮುಟ್ಟದಿದ್ದ ವರ್ತಕರೂ ಸಣ್ಣ ಉತ್ಪಾದಕರೂ ಈಗ ನೇರವಾಗಿ ಅಂಥ ಜಮೀನನ್ನು ಕೊಳ್ಳಬಲ್ಲರು. ಹಿಂದೆ ಕೃಷಿಕ ಕುಟುಂಬಗಳ ಹಿರಿಯರಿಗೆ ಬಾಯಿಪಾಠವಾಗಿದ್ದ ಪದಗಳು ಹೀಗೆ ವ್ಯಾಪಾರಿಯ ಮೇಜಿನ ಮೇಲೆ ಬಂದು ಕುಳಿತಿವೆ.

ನಾಲ್ಕು ಕಡೆಯಿಂದ ಬಂದ ಪದಗಳು

ದಕ್ಷಿಣ ಕನ್ನಡದ ಪತ್ರಭಾಷೆ ಒಂದೇ ಮೂಲದಿಂದ ಹುಟ್ಟಿದ್ದಲ್ಲ. ಮೂಲ, ಗೇಣಿ, ಅಡವು, ಕ್ರಯ, ಭೋಗ್ಯ ಮುಂತಾದವು ಕನ್ನಡ ಹಾಗೂ ಸಂಸ್ಕೃತದವು. ಬೈಲು, ಮಜಲು, ಬೆಟ್ಟು ಎಂಬ ಗದ್ದೆಯ ವರ್ಗೀಕರಣ ಈ ನೆಲದ್ದೇ. ದಸ್ತಾವೇಜು, ವಾಯಿದೆ, ಕಬ್ಜ, ಫಸಲಿ, ಕದೀಂ, ಕುಮ್ಕಿ ಎಂಬವು ಪಾರಸಿ ಮತ್ತು ಅರಬಿ ಮೂಲದವು. ಆಡಳಿತದ ಭಾಷೆಯಾಗಿ ಇಲ್ಲಿಗೆ ಬಂದು ನಿಂತವು. ಪತ್ರದ ಕೊನೆಯಲ್ಲಿ ಬರಹಗಾರನ ಹೆಸರಿನ ಹಿಂದೆ ಕಾಣುವ ‘ಬಿಕಲಂ’ ಕೂಡ ಪಾರಸಿಯೇ. ‘ಇಂಥವನ ಲೇಖನಿಯಿಂದ’ ಎಂದು ಅರ್ಥ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕೆನರಾ ಪ್ರಾಂತವು ಬ್ರಿಟಿಷರ ವಶವಾಗಿ ಮುಂದೆ ಮದ್ರಾಸಿನ ಆಡಳಿತಕ್ಕೆ ಸೇರಿತು. ದಕ್ಷಿಣ ಭಾಗವು 1956ರವರೆಗೂ ಅಲ್ಲಿಯೇ ಉಳಿಯಿತು. ಆ ನಂಟಿನಿಂದ ಪಟ್ಟಾ, ಅಡಂಗಲ್, ಪರಂಬೋಕು ಎಂಬ ತಮಿಳು ಕಡೆಯ ಪದಗಳು ಬಂದವು. ಮೈಸೂರಿನಿಂದ ವರ್ಗವಾಗಿ ಬಂದ ಕಂದಾಯ ಅಧಿಕಾರಿಯೂ ಬಂಟ್ವಾಳದ ಹಳೆಯ ಪತ್ರದ ಮುಂದೆ ಒಂದು ಕ್ಷಣ ತಡವರಿಸುವುದು ಇದರಿಂದಲೇ.

ಹಳೆಯ ಪತ್ರಗಳ ತಾರೀಕಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಕಂದಾಯದ ಕಾಗದಗಳಲ್ಲಿ ‘ಫಸಲಿ’ ಎಂದು ಕಂಡರೆ ಅದಕ್ಕೆ 590 ಕೂಡಿಸಬೇಕು. ಮದ್ರಾಸು ಕ್ರಮದ ಫಸಲಿ ವರ್ಷವು ಜುಲೈ 1ರಂದು ಆರಂಭವಾಗುತ್ತಿತ್ತು. ಆದ್ದರಿಂದ ಫಸಲಿ 1276 ಎಂದರೆ 1866ರ ಜುಲೈಯಿಂದ 1867ರ ಜೂನ್‌ವರೆಗಿನ ಅವಧಿ. ಈ ನಿರ್ದಿಷ್ಟ ವರ್ಷದ ಮಹತ್ವ ಮುಂದೆ ತಿಳಿಯುತ್ತದೆ.

ವರ್ಗ ಮತ್ತು ಕುಮ್ಕಿ

‘ವರ್ಗ’ ಎಂಬುದಕ್ಕೆ ಇಲ್ಲಿ ಗುಂಪು, ದರ್ಜೆ ಎಂಬ ಅರ್ಥವಿಲ್ಲ. ಲೆಕ್ಕದ ಪುಸ್ತಕದ ಹಾಳೆ ಎಂಬುದು ಅದರ ಮೂಲಾರ್ಥ. ಯಾರ ಹೆಸರಿನ ಹಾಳೆಯಲ್ಲಿ ತೀರ್ವೆ, ಅಂದರೆ ಭೂಕಂದಾಯ, ಬರೆಯಲ್ಪಟ್ಟಿತೋ ಆತ ವರ್ಗದಾರ. ವರ್ತಕರಿಗೆ ಇದನ್ನು ತಿಳಿಯುವುದು ಸುಲಭ: ಖಾತಾವಹಿಯಲ್ಲಿ ಗಿರಾಕಿಗೊಂದು ಖಾತೆ ಇರುವಂತೆ ಸರ್ಕಾರದ ಪುಸ್ತಕದಲ್ಲಿ ಆತನಿಗೊಂದು ವರ್ಗ. ಆದ್ದರಿಂದಲೇ ಒಂದು ವರ್ಗದ ಜಮೀನು ಒಂದೇ ಕಡೆ ಇರಬೇಕೆಂದೇನೂ ಇರಲಿಲ್ಲ. ಬೇರೆ ಬೇರೆ ಕಡೆಯ ತುಂಡುಗಳು ಒಂದೇ ಹಾಳೆಯಲ್ಲಿ ಸೇರಿರಬಹುದಿತ್ತು. ಕೆನರಾದ ಮೊದಲ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1800ರಲ್ಲಿ ಮದ್ರಾಸಿಗೆ ಬರೆದ ವರದಿಯಲ್ಲಿ, ಈ ಪ್ರಾಂತದ ಭೂಮಿ ಬಹುಕಾಲದಿಂದ ಖಾಸಗಿ ಸ್ವತ್ತಾಗಿ ನಡೆದುಬಂದಿದೆ ಎಂಬುದನ್ನು ಒತ್ತಿ ಹೇಳಿದ್ದನು. ಕೊಳ್ಳುವ, ಮಾರುವ, ಅಡವಿಡುವ ಪದ್ಧತಿಯೂ ಅದಕ್ಕೆ ತಕ್ಕ ಪದಗಳೂ ಇಲ್ಲಿ ಇಷ್ಟು ಸಮೃದ್ಧವಾಗಿರಲು ಅದೇ ಕಾರಣ.

ಹೀಗೆ ವರ್ಗದ ಜಾಗ ವರ್ಗದಾರನ ಸ್ವಂತದ್ದು, ಅದರಲ್ಲಿ ಗೊಂದಲವಿಲ್ಲ. ಗೊಂದಲ ಆರಂಭವಾಗುವುದು ಅದರ ಅಂಚಿನಲ್ಲಿ.

‘ಕುಮ್ಕಿ’ ಎಂದರೆ ಸಹಾಯ, ನೆರವು. ವರ್ಗದ ಗದ್ದೆ ತೋಟಗಳಿಗೆ ನೆರವಾಗಲೆಂದು ಅವುಗಳ ಅಂಚಿನಿಂದ 100 ಗಜದ ಒಳಗಿರುವ, ಅಂದರೆ ಸುಮಾರು 91 ಮೀಟರಿನೊಳಗಿನ, ಸರ್ಕಾರಿ ಬಂಜರು ನೆಲದಲ್ಲಿ ವರ್ಗದಾರನಿಗೆ ಕೆಲವು ಸವಲತ್ತುಗಳಿದ್ದವು. ದನ ಮೇಯಿಸುವುದು, ಗದ್ದೆಗೆ ಸೊಪ್ಪು ತರುವುದು, ಸ್ವಂತ ಬಳಕೆಗೆ ಸೌದೆ, ಕೃಷಿಯ ಉಪಕರಣಗಳಿಗೆ ಮರ ತರುವುದು ಇತ್ಯಾದಿ. ಈ ಸವಲತ್ತು ಎಲ್ಲ ವರ್ಗಗಳಿಗೂ ಇರಲಿಲ್ಲ. ಫಸಲಿ 1276ರೊಳಗೆ ಏರ್ಪಟ್ಟ ‘ಕದೀಂ ವರ್ಗ’, ಅಂದರೆ ಹಳೆಯ ವರ್ಗಗಳಿಗೆ ಮಾತ್ರ ಇತ್ತು. ಅನಂತರ ದರ್ಖಾಸ್ತಿನ ಮೂಲಕ ಮಂಜೂರಾದ ‘ಹೊಸಗಮೆ’ ವರ್ಗಗಳಿಗೆ ಕುಮ್ಕಿ ಇಲ್ಲ. ಮಾರುವವನು ‘ಕುಮ್ಕಿ ಇದೆ’ ಎಂದರೆ ಕೇಳಬೇಕಾದ ಮೊದಲ ಪ್ರಶ್ನೆ ‘ವರ್ಗ ಕದೀಮೋ, ಹೊಸಗಮೆಯೋ?’ ಎಂಬುದು.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಮಿನ 2ನೆಯ ಉಪಕಲಮು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ ಸವಲತ್ತುಗಳನ್ನು ಹೆಸರಿಸಿಯೇ ಮುಂದುವರಿಸಿದೆ. ಅದೇ ವಾಕ್ಯದಲ್ಲಿ ಉತ್ತರ ಕನ್ನಡದ ಬೆಟ್ಟ ಹಾಗೂ ಹಾಡಿ, ಮೈಸೂರು ಪ್ರದೇಶದ ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆಗಳೂ ಬರುತ್ತವೆ. ಕಾಯ್ದೆ ಬಳಸಿದ ಪದವನ್ನು ಗಮನಿಸಬೇಕು: ಸವಲತ್ತುಗಳು ಮುಂದುವರಿಯುತ್ತವೆ ಎಂದಿದೆಯೇ ಹೊರತು ಒಡೆತನ ಎಂದಿಲ್ಲ. ನೆಲ ಸರ್ಕಾರದ್ದೇ. ಪಹಣಿಯ 9ನೆಯ ಅಂಕಣದಲ್ಲಿ ಆ ನಂಬ್ರಕ್ಕೆ ‘ಸರ್ಕಾರ’ ಎಂದೇ ಇರುತ್ತದೆ. ಬಾಣೆ ಮತ್ತು ಕಾನೆಗಳ ವಿಷಯವೂ ಇಷ್ಟೇ. ಒಂದು ಹುಲ್ಲಿನ ನೆಲ, ಇನ್ನೊಂದು ಕಾಡಿನ ಅಂಚು. ಕುಮ್ಕಿಯನ್ನು ‘ಕುಮೇರಿ’ಯೊಡನೆ ಬೆರೆಸಬಾರದು. ಕಾಡು ಕಡಿದು ಸುಟ್ಟು ಒಂದೆರಡು ವರ್ಷ ಬೆಳೆ ತೆಗೆದು ಮುಂದೆ ಸಾಗುವ ಹಳೆಯ ಬೇಸಾಯಕ್ಕೆ ಕುಮೇರಿ ಎಂದು ಹೆಸರು.

ವ್ಯವಹಾರದಲ್ಲಿ ನಡೆಯುವುದೇನೆಂದರೆ, ‘ಎರಡು ಎಕ್ರೆ ಜಾಗ’ ಎಂದು ಮಾತು ಕುದುರುತ್ತದೆ. ಪತ್ರ ಬಿಚ್ಚಿ ನೋಡಿದಾಗ, ಉದಾಹರಣೆಗೆ, ವರ್ಗ 1 ಎಕ್ರೆ 20 ಸೆಂಟ್ಸ್, ಉಳಿದ 80 ಸೆಂಟ್ಸ್ ಕುಮ್ಕಿ. ಅಲ್ಲಿ ತಲೆಮಾರಿನಿಂದ ಬೆಳೆದುನಿಂತ ಗೇರು, ತೆಂಗು, ಕೆಲವು ಕಡೆ ರಬ್ಬರ್ ಇರುವುದರಿಂದ ಕಣ್ಣಿಗೆ ಎಲ್ಲವೂ ಒಂದೇ ಆಸ್ತಿಯಂತೆ ಕಾಣುತ್ತದೆ. ಕ್ರಯಪತ್ರದಲ್ಲಿ ‘ಸದ್ರಿ ವರ್ಗಕ್ಕೆ ಹೊಂದಿದ ಕುಮ್ಕಿ ಹಕ್ಕು ಸಹಿತ’ ಎಂಬ ಸಾಲು ಇದ್ದರೂ ಅದರಿಂದ ದೊರೆಯುವುದು ಸೊಪ್ಪು, ಸೌದೆಯ ಸವಲತ್ತು ಮಾತ್ರ. ಬ್ಯಾಂಕು ಸಾಲಕ್ಕಾಗಿ ಮೌಲ್ಯ ಕಟ್ಟುವುದು 1 ಎಕ್ರೆ 20 ಸೆಂಟ್ಸಿಗೆ. ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಆಗುವುದೂ ಅಷ್ಟಕ್ಕೆ. ಲಾರಿ ತಿರುಗಲು ಅನುಕೂಲವೆಂದು ಗೋದಾಮಿನ ಒಂದು ಗೋಡೆಯನ್ನು ಕುಮ್ಕಿಯ ಕಡೆಗೆ ಸರಿಸಿ ಕಟ್ಟಿದರೆ ಅದು ಸರ್ಕಾರಿ ಜಾಗದ ಅತಿಕ್ರಮಣ. ಹಾಕಿದ ಬಂಡವಾಳಕ್ಕೆ ರಕ್ಷಣೆಯಿಲ್ಲ. ಕುಮ್ಕಿಯನ್ನು ವರ್ಗದಾರರಿಗೇ ಮಂಜೂರು ಮಾಡಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿ ದಶಕಗಳಿಂದ ಇದೆ. ಚುನಾವಣೆಯ ಹೊತ್ತಿಗೆ ಜೋರಾಗುತ್ತದೆ. ಬೇಡಿಕೆಯನ್ನು ನಂಬಿ ಬೆಲೆ ಕೊಡುವುದು ಸಲ್ಲದು. ವರ್ಗಕ್ಕೊಂದು ದರ, ಕುಮ್ಕಿಯ ಮೇಲಿನ ಫಲಕ್ಕೊಂದು ದರ ಎಂದು ಬೇರ್ಪಡಿಸಿ ಮಾತಾಡುವುದೇ ಸರಿಯಾದ ಕ್ರಮ.

ಗೇಣಿಯ ಮೂರು ಬಗೆ

ಗೇಣಿ ಎಂದರೆ ಜಮೀನಿನ ಬಾಡಿಗೆ. ಹಳೆಯ ಪತ್ರಗಳಲ್ಲಿ ಅದು ಹೆಚ್ಚಾಗಿ ಅಕ್ಕಿ ಮುಡಿಗಳ ಲೆಕ್ಕದಲ್ಲಿರುತ್ತದೆ. ಗೇಣಿಯ ಹಿಂದೆ ಸೇರುವ ಪದವೇ ಹಕ್ಕಿನ ಆಯುಷ್ಯವನ್ನು ಹೇಳುತ್ತದೆ. ‘ವಾಯಿದೆಗೇಣಿ’ಯೆಂದರೆ ಇಂತಿಷ್ಟು ವರ್ಷಕ್ಕೆ. ‘ಚಾಲಗೇಣಿ’ಯೆಂದರೆ ವರ್ಷದಿಂದ ವರ್ಷಕ್ಕೆ ನಡೆಯುವಂಥದು; ಧಣಿಗಳು ಬೇಡವೆಂದರೆ ಮುಗಿಯಿತು. ‘ಮೂಲಗೇಣಿ’ ಶಾಶ್ವತ. ಗೇಣಿಯ ಮೊತ್ತ ಒಮ್ಮೆ ನಿಗದಿಯಾದರೆ ಏರುವುದಿಲ್ಲ, ಹಕ್ಕು ವಂಶಪಾರಂಪರ್ಯವಾಗಿ ಇಳಿಯುತ್ತದೆ. ಮೂಲಗೇಣಿದಾರನು ತಾನು ಪಡೆದದ್ದನ್ನು ಇನ್ನೊಬ್ಬನಿಗೆ ಶಾಶ್ವತವಾಗಿ ಕೊಟ್ಟರೆ ಅದು ‘ಒಳಮೂಲಗೇಣಿ’. ಮೇಲಿನ ಒಡೆಯನ ಹಕ್ಕಿಗೆ ‘ಮೂಲಿ’ ಎಂದೂ ಆತನಿಗೆ ‘ಮೂಲಿದಾರ’ ಎಂದೂ ಹೆಸರು. ‘ಮೂಲ’ ಎಂಬ ಶಬ್ದ ಎರಡರಲ್ಲೂ ಇರುವುದರಿಂದ ‘ಮೂಲಿ ಹಕ್ಕು’, ‘ಮೂಲಗೇಣಿ ಹಕ್ಕು’ ಎರಡೂ ಒಂದೇ ಎಂದು ಭಾವಿಸಿ ಕೊಂಡವರುಂಟು. ಒಬ್ಬ ಒಡೆಯ, ಇನ್ನೊಬ್ಬ ಒಕ್ಕಲು. ಅಂತರ ಅಷ್ಟು ದೊಡ್ಡದು.

ಕೃಷಿ ಜಮೀನಿನ ಮಟ್ಟಿಗೆ ಈ ಮೂರೂ ಬಗೆಗಳ ಕತೆ 1974ರ ಮಾರ್ಚ್ 1ರಂದು ಬದಲಾಯಿತು. 1961ರ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ ಆ ದಿನ ಜಾರಿಗೆ ಬಂದು, ಗೇಣಿಯಲ್ಲಿದ್ದ ಜಮೀನುಗಳು ಸರ್ಕಾರದಲ್ಲಿ ವಿಹಿತವಾದವು. ಒಕ್ಕಲುಗಳು ನಮೂನೆ 7ರಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು ಪಡೆಯಬೇಕಿತ್ತು. ಆ ಅರ್ಜಿಯ ಅವಧಿ ವಿಸ್ತರಣೆಯಾಗುತ್ತ 1979ರ ಜೂನ್ 30ಕ್ಕೆ ಮುಗಿಯಿತು. ಜಿಲ್ಲೆಯಲ್ಲಿ ಇಂದಿಗೂ ಜನ ಇದನ್ನು ‘ಡಿಕ್ಲರೇಷನ್ ಜಾಗ’ ಎನ್ನುತ್ತಾರೆ. ಚಾಲಗೇಣಿಯ ಒಕ್ಕಲು ಒಂದೇ ಹೆಜ್ಜೆಯಲ್ಲಿ ಒಡೆಯನಾದದ್ದು ಕರಾವಳಿಯ ಇತಿಹಾಸದ ದೊಡ್ಡ ತಿರುವು. ಇಲ್ಲಿನ ಪೇಟೆಗಳ ವ್ಯಾಪಾರದ ಸ್ವರೂಪವನ್ನೂ ಅದು ಬದಲಿಸಿತು. ಅಲ್ಲಿಯವರೆಗೆ ಗೇಣಿಯಾಗಿ ಧಣಿಗಳ ಕಣಜ ಸೇರುತ್ತಿದ್ದ ಅಕ್ಕಿ ಬೆಳೆದವನದ್ದೇ ಆಯಿತು.

ಕೊಳ್ಳುವವನು ನೋಡಬೇಕಾದ ಅಂಶಗಳು ಎರಡು. ಒಕ್ಕಲಿಗೆ ಸಿಕ್ಕ ಜಾಗವಾದರೆ ಮಂಡಳಿಯ ಆದೇಶವೂ ನಮೂನೆ 10ರ ಪ್ರಮಾಣಪತ್ರವೂ ಇರಬೇಕು. ಕಾಯ್ದೆಯ 61ನೆಯ ಕಲಮಿನಂತೆ ಅಂತಿಮ ಆದೇಶದ ದಿನದಿಂದ 15 ವರ್ಷ ಪರಭಾರೆ ನಿಷೇಧವಿತ್ತು. ಹೆಚ್ಚಿನ ಆದೇಶಗಳಿಗೆ ಆ ಗಡು ಎಂದೋ ಮುಗಿದಿದೆ. ಆದರೆ ಗಡುವಿನೊಳಗೇ ಕರಾರು ಮಾಡಿ ಕೊಟ್ಟ ಹಳೆಯ ಕ್ರಯಗಳು ಸರಪಳಿಯ ನಡುವೆ ಒಂದು ಸಡಿಲ ಕೊಂಡಿಯಾಗಿ ಉಳಿದಿರುತ್ತವೆ. ಮೇಲ್ಮನವಿಯಿಂದ ಮರಳಿ ಮಂಡಳಿಗೆ ಬಂದು ತಡವಾಗಿ ತೀರ್ಮಾನವಾದ ಪ್ರಕರಣಗಳಲ್ಲಿ ಕೊನೆಯ ಆದೇಶದ ತಾರೀಕಿನಿಂದಲೇ ಎಣಿಸಬೇಕು.

ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು. ಮಾರುವವನು ಹಳೆಯ ಧಣಿ ಕುಟುಂಬದವನಾಗಿದ್ದು, ‘ನಮ್ಮಲ್ಲಿ ಯಾರೂ ಡಿಕ್ಲರೇಷನ್ ಕೊಟ್ಟಿಲ್ಲ, ಜಾಗ ಹಾಗೆಯೇ ಉಳಿದಿದೆ’ ಎಂದರೆ ಅದರಿಂದ ಹಕ್ಕು ಶುದ್ಧವಾಯಿತೆಂದು ಹೇಳಲಾಗದು. ಅಂದು ಗೇಣಿಯಲ್ಲಿದ್ದ ಜಮೀನು ಸರ್ಕಾರದಲ್ಲಿ ವಿಹಿತವಾದದ್ದು ಕಾನೂನಿನ ಬಲದಿಂದ. ಒಕ್ಕಲು ಅರ್ಜಿ ಕೊಡಲಿ, ಬಿಡಲಿ. ಆದ್ದರಿಂದ 1973–74ರ ಪಹಣಿಯ 12ನೆಯ ಅಂಕಣದಲ್ಲಿ, ಅಂದರೆ ಸಾಗುವಳಿದಾರನ ಅಂಕಣದಲ್ಲಿ, ‘ಚಾಲಗೇಣಿ’ ಎಂದು ಬೇರೆಯವರ ಹೆಸರು ಇತ್ತೇ ಎಂಬುದನ್ನು ನೋಡದೆ ಮುಂಗಡ ಕೊಡುವುದು ಅಪಾಯ. ಈಚಿನ 13 ಅಥವಾ 30 ವರ್ಷಗಳ ಋಣಭಾರ ಪತ್ರದಲ್ಲಿ ಇದು ಕಾಣುವುದಿಲ್ಲ. ಆ ಪತ್ರ ನೋಂದಣಿಯಾದ ವ್ಯವಹಾರಗಳನ್ನು ಹೇಳುತ್ತದೆ. ಗೇಣಿ ನೋಂದಣಿಯಾಗದೆ ಬಾಯಿಮಾತಿನಲ್ಲೇ ನಡೆದದ್ದು ಹೆಚ್ಚು.

ಪೇಟೆಯ ಮೂಲಗೇಣಿಯ ವಿಷಯ ಬೇರೆ. ಭೂಸುಧಾರಣಾ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಿದ್ದರಿಂದ ಹಳೆಯ ಪೇಟೆಗಳ ಮನೆ, ಅಂಗಡಿ ನಿವೇಶನಗಳ ಮೂಲಗೇಣಿ ಹಾಗೆಯೇ ಉಳಿಯಿತು. ಲಕ್ಷಗಟ್ಟಲೆ ಬೆಲೆಬಾಳುವ ಅಂಗಡಿಯ ನೆಲಕ್ಕೆ ವರ್ಷಕ್ಕೆ ಕೆಲವೇ ರೂಪಾಯಿ ಗೇಣಿ ಎಂಬ ವಿಚಿತ್ರ ಸ್ಥಿತಿ ಹೀಗೆ ಹುಟ್ಟಿದ್ದು. ಮೂಲಗೇಣಿ ಚೀಟಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಆ ಹಕ್ಕನ್ನು ಮಾರಬಹುದು. ಆದರೆ ಅನೇಕ ಚೀಟುಗಳಲ್ಲಿ ‘ಧಣಿಗಳ ಅನುಮತಿಯಿಲ್ಲದೆ ಪರಭಾರೆ ಮಾಡತಕ್ಕದ್ದಲ್ಲ, ಮಾಡಿದಲ್ಲಿ ಮೂಲಗೇಣಿ ರದ್ದು’ ಎಂಬರ್ಥದ ಸಾಲಿರುತ್ತದೆ. ಸಾಮಾನ್ಯವಾಗಿ ಸ್ವತ್ತನ್ನು ಕೊಟ್ಟ ಮೇಲೆ ಅದರ ಪರಭಾರೆಗೆ ಸಂಪೂರ್ಣ ತಡೆ ಹಾಕುವ ಷರತ್ತು ನಿರರ್ಥಕ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 10ನೆಯ ಕಲಮು ಹಾಗೆ ಹೇಳುತ್ತಲೇ, ಒಡೆಯನ ಹಿತಕ್ಕಾಗಿ ಗೇಣಿಪತ್ರದಲ್ಲಿ ಹಾಕಿದ ಷರತ್ತಿಗೆ ವಿನಾಯಿತಿ ನೀಡಿದೆ. ಆದ್ದರಿಂದ ಆ ಹಳೆಯ ಸಾಲು ಇಂದಿಗೂ ಕಚ್ಚಬಲ್ಲದು. ಗೇಣಿ ಬಾಕಿಯಿಂದ ಹಕ್ಕು ತಪ್ಪುವ ಸಂದರ್ಭದಲ್ಲಿ ಬಾಕಿ, ಬಡ್ಡಿ, ಖರ್ಚು ಕಟ್ಟಿಸಿಕೊಂಡು ನ್ಯಾಯಾಲಯ ರಕ್ಷಣೆ ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಅನುಮತಿಯಿಲ್ಲದ ಪರಭಾರೆಗೆ ಅಷ್ಟು ಸುಲಭದ ರಕ್ಷಣೆಯಿಲ್ಲ.

ಈ ಗಂಟನ್ನು ಬಿಡಿಸಲು ರಾಜ್ಯ ವಿಧಾನಮಂಡಲವು 2011ರಲ್ಲಿ ಮೂಲಗೇಣಿ ಹಾಗೂ ಒಳಮೂಲಗೇಣಿದಾರರಿಗೆ ಪರಿಹಾರ ಪಾವತಿಯ ಮೇಲೆ ಒಡೆತನ ನೀಡುವ ಪ್ರತ್ಯೇಕ ಕಾಯ್ದೆಯನ್ನು ರಚಿಸಿತು. ಮೂಲಿದಾರರು ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕಾಯ್ದೆ ಇದೆಯೆಂಬ ಮಾತ್ರಕ್ಕೆ ಒಡೆತನ ತಾನಾಗಿ ಬರುವುದಿಲ್ಲ. ಅರ್ಜಿ, ವಿಚಾರಣೆ, ಪರಿಹಾರ, ಆದೇಶ ಎಂಬ ಹಂತಗಳು ದಾಟಬೇಕು. ಮೂಲಗೇಣಿಯ ಅಂಗಡಿಯನ್ನು ಕೊಳ್ಳುವವನು ಆದೇಶದ ಪ್ರತಿ ಇದ್ದರೆ ಒಡೆತನದ ಬೆಲೆ, ಇಲ್ಲದಿದ್ದರೆ ಮೂಲಗೇಣಿಯ ಬೆಲೆ ಎಂದು ತಿಳಿದು ಮಾತಾಡಬೇಕು.

ಕವರು, ಸಂತತಿ, ನಿಸ್ಸಂತತಿ

ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು ಮುಂತಾದ ಜೈನ ಅರಸು ಮನೆತನಗಳಿಂದ ಹಿಡಿದು ಬಂಟ, ಬಿಲ್ಲವ ಮೊದಲಾದ ಸಮುದಾಯಗಳ ಕುಟುಂಬಗಳವರೆಗೆ ಈ ಸೀಮೆಯಲ್ಲಿ ಅಳಿಯಸಂತಾನ ಕಟ್ಟು ನಡೆದುಬಂದಿತು. ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು. ಇಡೀ ಮನೆತನಕ್ಕೆ ‘ಕುಟುಂಬ’ ಎಂದೂ, ಅದರೊಳಗೆ ಒಬ್ಬ ಹೆಣ್ಣುಮಗಳು ಮತ್ತು ಹೆಣ್ಣುಸಾಲಿನಲ್ಲಿ ಆಕೆಯ ಸಂತತಿ ಸೇರಿದ ಶಾಖೆಗೆ ‘ಕವರು’ ಎಂದೂ ಹೆಸರು. ವಹಿವಾಟು ನೋಡುವವರು ಯಜಮಾನ ಅಥವಾ ಯಜಮಾನ್ತಿ.

1949ರ ಮದ್ರಾಸು ಅಳಿಯಸಂತಾನ ಕಾಯ್ದೆಗೆ ಮುಂಚೆ ಒಬ್ಬ ಸದಸ್ಯ ಅಥವಾ ಒಂದು ಕವರು ಪಾಲು ಕೇಳಿ ದಾವಾ ಹೂಡುವಂತಿರಲಿಲ್ಲ; ಎಲ್ಲರೂ ಒಪ್ಪಿದರೆ ಮಾತ್ರ ವಿಭಾಗ. ಹಾಗಾಗಿ ಅದಕ್ಕಿಂತ ಹಿಂದಿನ ‘ಕರಾರು’ಗಳು ಹಲವು ವೇಳೆ ನೋಡಲು ಪಾಲುಪಟ್ಟಿಯಂತಿದ್ದರೂ ನಿಜದಲ್ಲಿ ಕವರುಗಳ ಅಶನಾಂಶಕ್ಕಾಗಿ ಮಾಡಿಕೊಂಡ ಏರ್ಪಾಡುಗಳು. ನೋಂದಾಯಿತ ಕರಾರಿನಲ್ಲಿ ಕವರುಗಳು ತಮ್ಮ ತಮ್ಮ ಭಾಗವನ್ನು ಪ್ರತ್ಯೇಕವಾಗಿ, ಸ್ವತಂತ್ರವಾಗಿ, ಶಾಶ್ವತವಾಗಿ ಅನುಭವಿಸತಕ್ಕದ್ದೆಂದು ಇದ್ದರೆ 1949ರ ಕಾಯ್ದೆ ಅದನ್ನು ವಿಭಾಗವೆಂದೇ ಪರಿಗಣಿಸಿತು. ‘ಶಾಶ್ವತವಾಗಿ’ ಎಂಬ ಒಂದೇ ಪದ ಇದ್ದುದರಿಂದ ಅಥವಾ ಇಲ್ಲದ್ದರಿಂದ ಇಡೀ ಆಸ್ತಿಯ ಗತಿ ಬದಲಾದ ಮೊಕದ್ದಮೆಗಳು ಕರಾವಳಿಯ ನ್ಯಾಯಾಲಯಗಳಿಗೆ ಹೊಸತಲ್ಲ.

‘ನಿಸ್ಸಂತತಿ ಕವರು’ ಎಂಬುದು ಇನ್ನೊಂದು ಎಚ್ಚರದ ಪದ. ಮುಂದೆ ಹೆಣ್ಣುಸಾಲು ಬೆಳೆಯುವ ಸಾಧ್ಯತೆಯಿಲ್ಲದ ಶಾಖೆ ಅದು. ವಿಭಾಗದಲ್ಲಿ ಅಂಥ ಕವರಿಗೆ ಬಂದ ಸ್ವತ್ತು ಕೆಲವು ಸಂದರ್ಭಗಳಲ್ಲಿ ಜೀವಿತಾವಧಿಯ ಅನುಭೋಗಕ್ಕೆ ಮಾತ್ರ ಸೀಮಿತವಾಗಿತ್ತು. ಅಂಥವರು ಬರೆದುಕೊಟ್ಟ ಕ್ರಯಪತ್ರ ಸರಪಳಿಯಲ್ಲಿ ಇದ್ದರೆ ಪಾಲುಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. 1956ರ ಜೂನ್ 17ರಿಂದ ಜಾರಿಯಾದ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೆಯ ಕಲಮು ಈ ವ್ಯವಸ್ಥೆಯ ಬೇರನ್ನೇ ಸಡಿಲಿಸಿತು. ಆ ಬಳಿಕ ಮೃತರಾದ ಸದಸ್ಯರ ಅವಿಭಕ್ತ ಪಾಲು ಕವರಿನಲ್ಲಿ ಉಳಿಯದೆ ವಾರಸುದಾರರಿಗೆ, ಎಂದರೆ ಗಂಡಸಿನದಾದರೆ ಹೆಂಡತಿ ಮಕ್ಕಳಿಗೂ, ಹೋಗುತ್ತದೆ. ಪತ್ರಕ್ಕೆ ಯಾರ ಯಾರ ಸಹಿ ಬೇಕು ಎಂಬುದು ಹೀಗೆ ಕವರಿನ ವಂಶವೃಕ್ಷದ ಜೊತೆಗೆ ಪ್ರತಿಯೊಬ್ಬರ ಮರಣದ ತಾರೀಕನ್ನೂ ಅವಲಂಬಿಸಿದೆ. ಯಜಮಾನನೊಬ್ಬನೇ ‘ಕುಟುಂಬದ ಅವಶ್ಯಕತೆಗಾಗಿ’ ಎಂದು ಬರೆದು ಸಹಿ ಹಾಕಿದ ಹಳೆಯ ಕ್ರಯದಲ್ಲಿ ಆ ಅವಶ್ಯಕತೆ ಏನೆಂದು ವಿವರಿಸಿದೆಯೇ, ಇತರ ವಯಸ್ಕ ಸದಸ್ಯರು ಒಪ್ಪಿದ್ದಾರೆಯೇ ಎಂದು ನೋಡಬೇಕು.

ಕಾಸರಗೋಡಿನಲ್ಲಿ ವ್ಯವಹಾರ ಇಟ್ಟುಕೊಂಡವರಿಗೆ ಒಂದು ಮಾತು: ಅಲ್ಲಿಯ ಹಳೆಯ ಪತ್ರಗಳ ಪದಗಳು ಇವೇ ಆದರೂ 1956ರ ನಂತರ ಕಾನೂನು ಬೇರೆ. ಗೇಣಿಗೆ ಕೇರಳದ ಭೂಸುಧಾರಣಾ ಕಾಯ್ದೆ ಅನ್ವಯಿಸುತ್ತದೆ. ಅವಿಭಕ್ತ ಕುಟುಂಬ ಪದ್ಧತಿಯನ್ನು ಕೇರಳ 1975ರ ಕಾಯ್ದೆಯಿಂದ ರದ್ದುಪಡಿಸಿದೆ.

ಡಿ.ಸಿ. ಮನ್ನಾ ಮತ್ತು ಪರಂಬೋಕು

ಡಿ.ಸಿ. ಎಂದೊಡನೆ ಜಿಲ್ಲಾಧಿಕಾರಿ ಎಂದೂ, ಮನ್ನಾ ಎಂದೊಡನೆ ಸಾಲ ಮನ್ನಾ ಎಂದೂ ನೆನಪಾಗುವುದು ಸಹಜ. ‘ಡಿ.ಸಿ.ಯವರು ಕಂದಾಯ ಮನ್ನಾ ಮಾಡಿದ ಜಾಗ’ ಎಂಬ ವಿವರಣೆ ದಲ್ಲಾಳಿಗಳ ಬಾಯಲ್ಲಿ ಕೇಳಿಬರುವುದುಂಟು. ಇದು ಪೂರ್ತಿ ತಪ್ಪು. ಇಲ್ಲಿ ಡಿ.ಸಿ. ಎಂಬುದು ‘ಡಿಪ್ರೆಸ್ಡ್ ಕ್ಲಾಸ್’ ಎಂಬುದರ ಹ್ರಸ್ವರೂಪ. ಅಂದಿನ ಆಡಳಿತ ಪರಿಶಿಷ್ಟರನ್ನು ಕರೆಯುತ್ತಿದ್ದ ಹೆಸರು. ಅವರಿಗಾಗಿ, ಬೇರೆಯವರಿಗೆ ಕೊಡದೆ, ಕಾದಿರಿಸಿದ ಜಮೀನು ಡಿ.ಸಿ. ಮನ್ನಾ. ಮದ್ರಾಸು ಕಾಲದ ಈ ನಮೂದು ಇಂದಿಗೂ ದಾಖಲೆಗಳಲ್ಲಿ ಮುಂದುವರಿದಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು 1978ರ ಪ್ರತ್ಯೇಕ ಕಾಯ್ದೆ ನಿಷೇಧಿಸಿದೆ. ಸರ್ಕಾರದ ಪೂರ್ವಾನುಮತಿಯಿಲ್ಲದ ಕ್ರಯ ಅಸಿಂಧು. ಜಮೀನು ಮೂಲ ಮಂಜೂರಾತಿದಾರನಿಗೆ ಅಥವಾ ವಾರಸುದಾರರಿಗೆ ಮರಳುತ್ತದೆ, ಕೊಂಡವನ ಹಣ ಮರಳುವ ಏರ್ಪಾಡಿಲ್ಲ. ಬಹಳ ವರ್ಷ ಕಳೆದಿದೆ ಎಂಬ ವಾದಕ್ಕೂ 2023ರ ತಿದ್ದುಪಡಿಯು ಬಾಗಿಲು ಮುಚ್ಚಿದೆ. ಮರಳಿ ಕೇಳಲು ಕಾಲಮಿತಿಯಿಲ್ಲವೆಂದು ಅದು ಸ್ಪಷ್ಟಪಡಿಸಿದೆ. ಬೆಲೆ ಎಷ್ಟೇ ಅಗ್ಗವಾದರೂ ಉದ್ಯಮಕ್ಕೆ ಇಂಥ ಜಾಗ ಕೂಡದು. ಕೊಂಡವನ ನಷ್ಟದ ಮಾತು ಒತ್ತಟ್ಟಿಗಿರಲಿ, ಕಳೆದುಕೊಳ್ಳುವವನಿಗೆ ಅದೇ ಇರುವ ಒಂದು ತುಂಡು ನೆಲ.

‘ಪರಂಬೋಕು’ ತೀರ್ವೆಯ ಲೆಕ್ಕದಿಂದ ಹೊರಗಿಟ್ಟ ಸರ್ಕಾರಿ ನೆಲ: ದಾರಿ, ತೋಡು, ಕೆರೆ, ಶ್ಮಶಾನ ಇತ್ಯಾದಿ. ಜಾಗದ ನಡುವೆ ತೋಡು ಪರಂಬೋಕು ಹಾದುಹೋಗಿದ್ದರೆ ಅದನ್ನು ಮುಚ್ಚುವಂತಿಲ್ಲ. ಮಳೆಗಾಲದ ನೀರೂ ಆ ಮಾತನ್ನೇ ಹೇಳುತ್ತದೆ.

ಜಲ, ಪಾಷಾಣ, ನಿಧಿ, ನಿಕ್ಷೇಪ

ಹಳೆಯ ಕ್ರಯಪತ್ರಗಳಲ್ಲಿ ಮಂತ್ರದಂತೆ ಬರುವ ಸಾಲು ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂಬ ಅಷ್ಟಭೋಗ. ವಿಜಯನಗರ ಕಾಲದ ದಾನಶಾಸನಗಳಲ್ಲಿಯೂ ಇದೇ ಎಂಟು ಕಾಣುತ್ತವೆ. ಹೂತಿಟ್ಟ ಧನ, ಇರಿಸಿದ ಒಡವೆ, ನೀರು, ಕಲ್ಲು, ಇಂದಿನ ಆದಾಯ, ಮುಂದೆ ಬರುವ ಆದಾಯ, ಈಗಾಗಲೇ ಸಾಗುವಳಿಯಾದದ್ದು, ಸಾಗುವಳಿ ಮಾಡಬಹುದಾದದ್ದು. ಒಟ್ಟಿನಲ್ಲಿ ಏನನ್ನೂ ಉಳಿಸಿಕೊಳ್ಳದೆ ಕೊಟ್ಟೆನೆಂಬುದು ತಾತ್ಪರ್ಯ. ಕೊಟ್ಟವನು ಏನನ್ನೂ ಉಳಿಸಿಕೊಂಡಿಲ್ಲ ಎಂಬುದಕ್ಕೆ ಸಾಲು ಇಂದಿಗೂ ಸಾಕ್ಷಿ. ಸರ್ಕಾರದ ನಿಯಮಗಳನ್ನು ಮಾತ್ರ ಅದು ದಾಟಲಾರದು. ನಿಧಿ ಸಿಕ್ಕರೆ ಅಧಿಕಾರಿಗೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೇ ಇದೆ. ಈ ತಾಲೂಕುಗಳ ಉದ್ಯಮಿಗಳಿಗೆ ನಿಧಿಗಿಂತ ಪಾಷಾಣವೇ ಮುಖ್ಯ: ಪತ್ರದಲ್ಲಿ ‘ಪಾಷಾಣ ಸಹಿತ’ ಎಂದಿದ್ದರೂ ಕೆಂಪುಕಲ್ಲಿನ ಕೋರೆ ತೆರೆಯಲು 1994ರ ಉಪಖನಿಜ ನಿಯಮಗಳಂತೆ ಗಣಿ ಇಲಾಖೆಯ ಅನುಮತಿ, ರಾಜಧನ ಎರಡೂ ಬೇಕು.

ಅಡವು, ಭೋಗ್ಯ, ಮುಕ್ತ್ಯಾರು

‘ಅಡವು’ ಎಂದರೆ ಅಡಮಾನ. ಸ್ವಾಧೀನವನ್ನೂ ಸಾಲಗಾರನಿಂದ ಪಡೆದು, ಬಡ್ಡಿಯ ಬದಲು ಫಲವನ್ನು ಅನುಭವಿಸುವುದು ‘ಭೋಗ್ಯದ ಅಡವು’. ಮೂವತ್ತು ವರ್ಷ ಕಳೆದರೆ ಭೋಗ್ಯದ ಜಾಗ ತನ್ನದೇ ಆಯಿತೆಂಬ ನಂಬಿಕೆ ವ್ಯಾಪಾರಸ್ಥರಲ್ಲಿ ಇತ್ತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಭೋಗ್ಯದಲ್ಲಿ ಕಾಲಮಿತಿಯು ಅಡವಿನ ದಿನದಿಂದಲೇ ಓಡುವುದಿಲ್ಲವೆಂದು ಸ್ಪಷ್ಟಪಡಿಸಿದೆ. ‘ಷರತ್ತು ಕ್ರಯ’ ಎಂಬ ಪತ್ರದಲ್ಲಿ ಹಣ ಮರಳಿಸಿದರೆ ಜಾಗ ಮರಳಿಸುವ ಷರತ್ತು ಅದೇ ಪತ್ರದಲ್ಲಿದ್ದರೆ ಮಾತ್ರ ಅದನ್ನು ಅಡವೆಂದು ವಾದಿಸಬಹುದು. ಬೇರೆ ಕಾಗದದಲ್ಲಿದ್ದರೆ ಆಗದು. ‘ಮುಕ್ತ್ಯಾರುನಾಮೆ’ ಅಧಿಕಾರಪತ್ರ ಮಾತ್ರ. ಅದರ ಜೊತೆ ಕರಾರುಪತ್ರ, ವೀಲುನಾಮೆಗಳನ್ನು ಸೇರಿಸಿಕೊಟ್ಟರೂ ಒಡೆತನ ಹಸ್ತಾಂತರವಾಗದು ಎಂದು 2011ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಅಳತೆಯ ವಿಷಯದಲ್ಲಿ ಘಟ್ಟದ ಮೇಲಿನಿಂದ ಬಂದ ಪಾಲುದಾರರಿದ್ದರೆ ಎಚ್ಚರ ಬೇಕು. ಇಲ್ಲಿ ಎಕ್ರೆಗೆ 100 ಸೆಂಟ್ಸ್, ಅಲ್ಲಿ ಎಕರೆಗೆ 40 ಗುಂಟೆ. 25 ಸೆಂಟ್ಸ್ ಎಂದರೆ 10 ಗುಂಟೆ ಮಾತ್ರ.

ಕೊನೆಯದಾಗಿ ‘ಚೆಕ್ಕುಬಂದಿ’, ಅಂದರೆ ನಾಲ್ಕು ದಿಕ್ಕಿನ ಗಡಿ. ಹಳೆಯ ಪತ್ರಗಳಲ್ಲಿ ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ದರೆ, ಉತ್ತರಕ್ಕೆ ಕಟ್ಟಪುಣಿ, ದಕ್ಷಿಣಕ್ಕೆ ಇಂಥವರ ವರ್ಗ ಎಂದಿರುತ್ತದೆ. ವಿಸ್ತೀರ್ಣಕ್ಕೂ ಗಡಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಸ್ಪಷ್ಟವಾದ ಗಡಿಗೆ ಹೆಚ್ಚಿನ ಬೆಲೆ ಕೊಡುತ್ತವೆ. ಗದ್ದೆ ತುಂಬಿಸಿ ಮಟ್ಟಮಾಡಿದ ಜಾಗದಲ್ಲಿ ಕಟ್ಟಪುಣಿ ಎಲ್ಲಿತ್ತೆಂದು ಹೇಳಬಲ್ಲವರು ನೆರೆಕರೆಯ ಹಿರಿಯರು ಮಾತ್ರ. ಸರ್ವೆಯವರನ್ನು ಕರೆದು ಅಳೆಸುವ ದಿನ ಅವರನ್ನೂ ಜಾಗಕ್ಕೆ ಕರೆದುಕೊಂಡು ಹೋಗುವುದು ಒಳ್ಳೆಯದು.